ಪೂರ್ವದ ಬಾಗಿಲು ಖಾಲಿ ಇದೆಯಂತೆ

ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕಸಿಮೀರೊನ ಫೋನಿನಲ್ಲಿ ಒಂದು ಅಂಕಿ ಕಾಣಿಸಿತು. ಗಡಿಯ ಪೂರ್ವದ ಬಾಗಿಲಲ್ಲಿ ಕಾರುಗಳು ಕಾಯಬೇಕಾದ ಸಮಯ: ಇಪ್ಪತ್ತು ನಿಮಿಷ. ಅದನ್ನು ನೋಡಿದವನು ಸುಮ್ಮನೆ ಫೋನನ್ನು ಜೇಬಿಗಿಳಿಸಿ, ಹೆಂಡತಿಯನ್ನು ಕಾರಿಗೆ ಹತ್ತಿಸಿ ಹೊರಟುಬಿಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಗಡಿಗೆ ಅಂಟಿಕೊಂಡ ನಮ್ಮ ಊರು ಮೆಹಿಕಾಲಿಯಲ್ಲಿ ಹುಟ್ಟಿ ಬೆಳೆದ ಯಾವ ಮನುಷ್ಯನಿಗೂ ‘ಇಪ್ಪತ್ತು ನಿಮಿಷ’ ಎಂಬ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಶಕ್ತಿಯಿಲ್ಲ. ಶನಿವಾರದ ದಿನ ಎರಡು ಗಂಟೆಗಿಂತ ಕಡಿಮೆ ಕಾದು ಆಚೆಕಡೆಗೆ ಹೋದವನನ್ನು ನಮ್ಮ ಬೀದಿಯಲ್ಲಿ ಲಾಟರಿ ಹೊಡೆದವನನ್ನು ನೋಡುವ ಹಾಗೆ ನೋಡುತ್ತಾರೆ.

“ಇಮೆಲ್ದಾ! ಇಪ್ಪತ್ತೇ ನಿಮಿಷ ಕಣೇ! ಪೂರ್ವದ ಬಾಗಿಲು ಖಾಲಿ ಹೊಡೀತಿದೆ!” ಎಂದು ಅವನು ಅಂಗಳದಿಂದಲೇ ಕೂಗಿದ.

ಒಳಗೆ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿಗೆ ಅದು ಕೇಳಿಸಲಿಲ್ಲ. ಗೋಡೆಯಾಚೆಯ ದೊನ್ಯಾ ಕೂಕಾಗೆ ಕೇಳಿಸಿತು. ದೊನ್ಯಾ ಕೂಕಾ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲಿಗೆ ಬಣ್ಣ ಹಚ್ಚುವವಳು. ಅದರ ಜೊತೆಗೆ ಇಡೀ ಬಡಾವಣೆಯ ಫೋನ್ ಗುಂಪನ್ನು ನಡೆಸುವವಳು. ಗೋಡೆಯ ಮೇಲೆ ಅವಳ ತಲೆ ಸೂರ್ಯನಿಗಿಂತ ವೇಗವಾಗಿ ಉದಯಿಸಿತು.

“ಇಪ್ಪತ್ತಾ? ನಿಜವಾಗ್ಲೂ?”

“ದೊನ್ಯಾ ಕೂಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ. ಇವತ್ತು ನಾನು ಹನ್ನೊಂದು ಗಂಟೆಗೆ ಚರ್ಚಲ್ಲಿರಲೇಬೇಕು.”

“ಅಯ್ಯೋ, ನಾನ್ಯಾರಿಗೆ ಹೇಳ್ಲಪ್ಪ?” ಎಂದಳು ದೊನ್ಯಾ ಕೂಕಾ. ಹಾಗೆನ್ನುವಾಗಲೇ ಗೋಡೆಯ ಹಿಂದೆ ಅವಳ ಹೆಬ್ಬೆರಳು ಕೆಲಸ ಶುರುಮಾಡಿತ್ತು.

ಹನ್ನೊಂದು ಗಂಟೆಯ ವಿಷಯ ಸಣ್ಣದಲ್ಲ. ಕಸಿಮೀರೊ ಕೂಲರ್ ರಿಪೇರಿ ಮಾಡುವವನು. ನಲವತ್ತೆಂಟು ವರ್ಷ. ನಮ್ಮ ಊರಿನ ಬಿಸಿಲಿಗೆ ಕೂಲರ್ ರಿಪೇರಿ ಮಾಡುವವನೆಂದರೆ ಪಾದ್ರಿಗಿಂತ ಒಂದು ತೂಕ ಹೆಚ್ಚಿನ ಮನುಷ್ಯ. ಎಲ್ಲರ ಮನೆಯಲ್ಲೂ ಅವನಿಗೆ ಒಂದು ಕುರ್ಚಿ, ಒಂದು ಲೋಟ ತಣ್ಣನೆಯ ಪಾನಕ. ಆದರೆ ಅವನ ಮನೆಯಲ್ಲಿ ಮಕ್ಕಳಿರಲಿಲ್ಲ. ಅದನ್ನು ಅವನೂ ಇಮೆಲ್ದಾಳೂ ಮಾತಾಡಿ ಮುಗಿಸಿ ಬಹಳ ವರ್ಷವಾಗಿತ್ತು. ಗಡಿಯಾಚೆಯ ಕಲೆಕ್ಸಿಕೊದಲ್ಲಿರುವ ಬಾಲ್ಯದ ಗೆಳೆಯ ರೊಸೆಂದೊ ಮಾತ್ರ, “ಚರ್ಚಲ್ಲಿ ನನ್ನ ಮಕ್ಕಳಿಗೆ ನೀರು ಹಾಕಿ ಹೆಸರಿಡೋ ಜ್ಞಾನಸ್ನಾನಕ್ಕೆ ನೀನೇ ಜ್ಞಾನತಂದೆ. ಅರ್ಧ ಮಗು ನಿಂದು ಅಂದ್ಕೋ” ಎಂದು ಮಾತು ಕೊಟ್ಟಿದ್ದ.

ಮೊದಲನೆಯ ಮಗುವಿನ ಜ್ಞಾನಸ್ನಾನದ ದಿನ ಕಸಿಮೀರೊ ಗಡಿಯ ಸಾಲಿನಲ್ಲಿ ಸಿಕ್ಕಿಕೊಂಡು, ಕೇಕಿನ ಕೊನೆಯ ತುಂಡು ಹಂಚುವ ಹೊತ್ತಿಗೆ ತಲುಪಿದ. ರೊಸೆಂದೊನ ಮೇಸ್ತ್ರಿ ಜ್ಞಾನತಂದೆಯಾದ. ಎರಡನೆಯದಕ್ಕೆ ಬೆಳಗಿನ ಜಾವವೇ ಹೊರಟು, ಮೂರು ಗಂಟೆ ಮುಂಚೆ ತಲುಪಿ, ಚರ್ಚಿನ ಮುಂದಿನ ಮರದ ನೆರಳಲ್ಲಿ ಕಾರಿನೊಳಗೆ ನಿದ್ದೆಹೋದ. ಅವನನ್ನು ಎಬ್ಬಿಸಿದ್ದು ಸಮಾರಂಭ ಮುಗಿದ ಮೇಲೆ ಹೊಡೆದ ಗಂಟೆ. ಈಗ ಮೂರನೆಯದು, ಹೆಣ್ಣುಮಗು. ರೊಸೆಂದೊನ ಹೆಂಡತಿ ಮಾರಿಸೆಲಾ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: “ಅಣ್ಣಾ, ಇದೇ ಕೊನೆ. ನಿಮಗೋಸ್ಕರ ಅಂತ ನಾಲ್ಕನೇದು ಹೆರೋಕಾಗಲ್ಲ.”

ಇಪ್ಪತ್ತು ನಿಮಿಷ ಎಂದಮೇಲೆ ಇಮೆಲ್ದಾಗೆ ಅವಸರವೆಲ್ಲಿಂದ ಬಂದೀತು? ಅವಳು ಇಸ್ತ್ರಿ ಹಾಕಿದ ಉಡುಪಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿದಳು. ಕಿವಿಯೋಲೆ ಬದಲಿಸಿದಳು. ಅಷ್ಟರಲ್ಲಿ ಎದುರು ಮನೆಯ ದೊನ್ ನಿಕನೋರ್ ಹ್ಯಾಟು ಹಾಕಿಕೊಂಡು, ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದು ಕೈಯಲ್ಲಿ ಕಾಫಿಯ ಫ್ಲಾಸ್ಕು ಹಿಡಿದು ಕಾರಿನ ಪಕ್ಕ ಬಂದು ನಿಂತಿದ್ದರು. ಹತ್ತಿ ಗಿರಣಿಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಅರವತ್ತೇಳು ವಯಸ್ಸು, ಮದುವೆಯಿಲ್ಲ. ಬೇರೆಯವರ ಕಾರಿನ ಹಿಂದಿನ ಸೀಟೇ ಅವರ ಪ್ರಪಂಚ.

“ಪೂರ್ವದ ಬಾಗಿಲು ಖಾಲಿ ಅಂತೆ? ಗುಂಪಲ್ಲಿ ಬಂತು. ನಂಗೆ ಆಚೆಕಡೆ ಒಂದು ಜೊತೆ ಕಾಲುಚೀಲ ತಗೋಬೇಕು. ಇಲ್ಲಿಯವು ಪಾದ ಊದಿದಾಗ ಬಿಗಿ ಹಿಡಿಯುತ್ವೆ.”

“ಗುಂಪಲ್ಲಿ ಬಂತಾ?” ಕಸಿಮೀರೊನ ಮುಖ ಬಿಳಿಚಿಕೊಂಡಿತು. ಫೋನು ತೆಗೆದು ನೋಡಿದ. ಮೂವತ್ತೈದು.

ಹೊರಟಾಗ ಎಂಟೂ ಕಾಲು. ಊರಿನ ಕೂಲರ್‌ಗಳನ್ನೆಲ್ಲ ತಣ್ಣಗಿಟ್ಟವನ ಕಾರಿನಲ್ಲಿ ಕೂಲರ್ ಕೆಟ್ಟು ಮೂರು ವರ್ಷವಾಗಿತ್ತು. ಕಿಟಕಿ ತೆರೆದರೆ ಒಲೆಯ ಬಾಯಿ, ಮುಚ್ಚಿದರೆ ಒಲೆಯ ಹೊಟ್ಟೆ. ಎಂಟೂ ಮುಕ್ಕಾಲಿಗೆ ಪೂರ್ವದ ಬಾಗಿಲ ರಸ್ತೆಗೆ ತಿರುಗಿದರು. ಬಾಗಿಲು ಕಾಣಲಿಲ್ಲ. ಬಾಗಿಲಿನ ಬಾವುಟವೂ ಕಾಣಲಿಲ್ಲ. ಕಂಡದ್ದು ಸಾಲಿನ ಬಾಲ. ಅದು ಟೈರ್ ಅಂಗಡಿಯನ್ನು ದಾಟಿ, ಸಿಮೆಂಟ್ ಗೋದಾಮನ್ನು ಸುತ್ತಿ, ಇನ್ನೂ ಮಲಗಲು ಜಾಗ ಹುಡುಕುತ್ತಿತ್ತು.

ಮುಂದಿನ ಕಾರಿನವನು ಇಳಿದು ಸೊಂಟ ನೇರ ಮಾಡಿಕೊಳ್ಳುತ್ತಿದ್ದ. ಕಸಿಮೀರೊ ತಲೆ ಹೊರಹಾಕಿ, “ಏನ್ರೀ ಇದು? ಖಾಲಿ ಅಂತ ತೋರಿಸ್ತಿತ್ತಲ್ಲ?” ಎಂದು ಕೇಳಿದ.

“ಅದನ್ನ ನಂಬಿಯೇ ಬಂದಿದ್ದು ನಾವೆಲ್ಲ” ಎಂದು ಆ ಮನುಷ್ಯ ತನ್ನ ಫೋನು ತೋರಿಸಿದ. ಅದರಲ್ಲಿ ಬರೆದಿತ್ತು: ‘ಪೂರ್ವದ ಬಾಗಿಲು ಖಾಲಿ ಹೊಡೀತಿದೆ! ಇಪ್ಪತ್ತೇ ನಿಮಿಷ! ಯಾರಿಗೂ ಹೇಳಬೇಡಿ! ಖಚಿತ ಸುದ್ದಿ, ಗಡಿಯ ಅಧಿಕಾರಿಯ ಭಾವಮೈದುನನೇ ಹೇಳಿದ್ದು.’

ತನ್ನ ಮಾತು ತನಗಿಂತ ಮುಂಚೆ ಬಂದು ಸಾಲಿನಲ್ಲಿ ನಿಂತಿರುವುದನ್ನು ಕಸಿಮೀರೊ ಮೊದಲ ಸಲ ನೋಡಿದ.

“ಆ ಭಾವಮೈದುನ ಕೈಗೆ ಸಿಕ್ಕಿದ್ರೆ ಈ ರೇಡಿಯೇಟರ್ ಒಳಗೆ ತುರುಕ್ತೀನಿ” ಎಂದ ಆ ಮನುಷ್ಯ.

“ತುರುಕಲೇಬೇಕು” ಎಂದು ಇಮೆಲ್ದಾ ಗಂಡನ ಮುಖ ನೋಡುತ್ತ ಹೇಳಿದಳು.

ಇಪ್ಪತ್ತು ನಿಮಿಷದಲ್ಲಿ ಮೂರು ಕಾರಿನಷ್ಟು ಮುಂದೆ ಹೋದರು. ಹಿಂದಿನ ಸೀಟಿನಲ್ಲಿ ದೊನ್ ನಿಕನೋರ್ ತಮ್ಮ ಫೋನನ್ನು ಮೂಗಿನಿಂದ ಒಂದು ತೋಳಿನಷ್ಟು ದೂರ ಹಿಡಿದು ಓದಿದರು. “ಊರೊಳಗಿನ ಇನ್ನೊಂದು ಬಾಗಿಲಲ್ಲಿ ಮೂವತ್ತು ನಿಮಿಷವಂತೆ. ಇಲ್ಲಿ ತೊಂಬತ್ತು. ತಿರುಗಿಸಪ್ಪ ಗಾಡೀನ.”

“ಬೇಡ. ನಿಂತ ಸಾಲಲ್ಲೇ ನಿಲ್ಲೋಣ” ಎಂದಳು ಇಮೆಲ್ದಾ.

“ಸೆನ್ಯೋರಾ, ಲೆಕ್ಕ ಕೇಳಿ. ಮೂವತ್ತಕ್ಕೂ ತೊಂಬತ್ತಕ್ಕೂ ಎಷ್ಟು ವ್ಯತ್ಯಾಸ? ನಾನು ಹತ್ತಿ ತೂಗಿದವನು.”

ಕಸಿಮೀರೊ ತಿರುಗಿಸಿದ. ಸಾಲು ಬಿಟ್ಟು ಹೊರಬಂದು ಕನ್ನಡಿಯಲ್ಲಿ ನೋಡಿದರೆ, ಅವನು ಬಿಟ್ಟ ಜಾಗ ಮುಚ್ಚಿಕೊಂಡು, ಸಾಲು ಗಂಟಲಿಗೆ ಸಿಕ್ಕಿದ್ದನ್ನು ನುಂಗಿದ ಹಾವಿನ ಹಾಗೆ ಸರಸರನೆ ಮುಂದೆ ಹೋಗುತ್ತಿತ್ತು. ಇಮೆಲ್ದಾ ಅದನ್ನು ನೋಡಿದಳು. ಕಿವಿಯೋಲೆ ಬಿಚ್ಚಿ ಚೀಲದೊಳಗೆ ಹಾಕಿಕೊಂಡಳು.

ಊರೊಳಗಿನ ಬಾಗಿಲಿಗೆ ಬಂದಾಗ ಒಂಬತ್ತೂವರೆ. ಅಲ್ಲಿ ಏಳು ಸಾಲು, ಏಳೂ ಭರ್ತಿ. ‘ಮೂವತ್ತು ನಿಮಿಷ’ ಎಂಬುದು ಯಾವಾಗಿನ ಅಂಕಿಯೋ ಏನೋ, ಫೋನೀಗ ‘ನೂರಹತ್ತು’ ಎನ್ನುತ್ತಿತ್ತು. ದೊನ್ಯಾ ಕೂಕಾಳ ಗುಂಪಿನಲ್ಲಿ ಹೊಸ ಸುದ್ದಿ ಬಂದಿತ್ತು: ‘ಊರೊಳಗಿನ ಬಾಗಿಲು ಖಾಲಿ, ದೊನ್ ನಿಕನೋರ್ ಅಲ್ಲಿಗೇ ಹೊರಟಿದ್ದಾರೆ.’

“ನೀವು ಹೇಳಿದ್ರಾ?” ಎಂದು ಕಸಿಮೀರೊ ಹಲ್ಲು ಕಚ್ಚಿ ಕೇಳಿದ.

“ಜನಕ್ಕೆ ಉಪಕಾರ ಆಗ್ಲಿ ಅಂತ” ಎಂದರು ದೊನ್ ನಿಕನೋರ್.

ಆಗ ಫೋನು ಬಡಿದುಕೊಂಡಿತು. ರೊಸೆಂದೊ.

“ಎಲ್ಲಿದ್ದೀಯೋ?”

ಇಮೆಲ್ದಾ ‘ನಿಜ ಹೇಳು’ ಎಂಬಂತೆ ಕಣ್ಣು ದೊಡ್ಡದು ಮಾಡಿದಳು. ಕಸಿಮೀರೊನ ಬಾಯಿ ಅವನ ಅನುಮತಿ ಕೇಳದೆ ಮಾತಾಡಿತು: “ದಾಟ್ಬಿಟ್ಟೆ ಕಣೋ! ಆಚೆಕಡೆ ಇದ್ದೀನಿ. ಎರಡು ಬೀದಿ ದೂರ. ಕಾರಿಗೆ ಪೆಟ್ರೋಲ್ ಹಾಕಿಸ್ತಿದ್ದೀನಿ. ನೀನು?”

“ನಾವಾ? ನಾವು… ಚರ್ಚಲ್ಲೇ ಇದ್ದೀವಪ್ಪ. ಮುಂದಿನ ಬೆಂಚಲ್ಲೇ. ಮಗು ಮಲಗಿದೆ. ಎಲ್ಲ ತಯಾರು. ಈ ಸಲವಾದ್ರೂ ಮರ್ಯಾದೆ ಉಳಿಸು. ಪಾದ್ರಿ ಈಗ ತಾನೇ ಸುದ್ದಿ ಕಳಿಸಿದ್ರು, ‘ನಾನು ಸಿದ್ಧ, ತಡವಾದವರಿಗೆ ಕಾಯುವುದಿಲ್ಲ’ ಅಂತ.”

“ಅಲ್ಲೇ ಇದ್ದಾರಲ್ಲ, ಸುದ್ದಿ ಯಾಕೆ ಕಳಿಸ್ತಾರೆ?”

“ಅವರು… ಒಳಗೆ ಇದ್ದಾರೆ. ಅಂಗಿ ಹಾಕ್ಕೋತಿದ್ದಾರೆ” ಎಂದು ಹೇಳಿ ರೊಸೆಂದೊ ಫೋನಿಟ್ಟ.

ಕಸಿಮೀರೊ ಬೆವರು ಒರೆಸಿಕೊಂಡ. ಬಿಸಿಲು ನಲವತ್ಮೂರಕ್ಕೆ ಏರಿತ್ತು. ಕಾರಿನ ಸೂಜಿ ಕೆಂಪುಗೆರೆಯ ಕಡೆಗೆ ನಡೆಯತೊಡಗಿತು. ಇಂಜಿನ್ ಆರಿಸಿದ. ಸಾಲು ಮುಂದೆ ಹೋದಾಗ ಇಳಿದು ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ತಳ್ಳಿದ. ತನ್ನ ಮದುವೆಗೆಂದು ಹೊಲಿಸಿದ್ದ ಬಿಳಿ ಅಂಗಿ ಬೆನ್ನಿಗೆ ಅಂಟಿ, ಒಳಗಿನ ಬನಿಯನ್ನಿನ ತೂತುಗಳನ್ನೆಲ್ಲ ಸಾರ್ವಜನಿಕರಿಗೆ ತೋರಿಸಿತು. ಹಿಂದಿನ ಸೀಟಿನಲ್ಲಿ ದೊನ್ ನಿಕನೋರ್ ಕಿಟಕಿಯಿಂದ ಕೈಚಾಚಿ ಬಂದದ್ದನ್ನೆಲ್ಲ ಕೊಂಡರು: ಕರಿದ ಸಿಹಿ ಚುರ್ರೋಗಳ ಒಂದು ಪೊಟ್ಟಣ, ಒಂದು ಬೀಸಣಿಗೆ, ಪ್ಲಾಸ್ಟರಿನ ಒಂದು ಗಿಣಿ.

“ಗಿಣಿ ಯಾಕ್ರೀ?” ಎಂದಳು ಇಮೆಲ್ದಾ.

“ಬೆಳಗ್ಗಿಂದ ಆ ಮನುಷ್ಯ ಬಿಸಿಲಲ್ಲಿ ಹೊತ್ಕೊಂಡು ನಿಂತಿದ್ದಾನೆ, ಸೆನ್ಯೋರಾ. ಗಿಣಿಗೂ ಒಂದು ಮನೆ ಬೇಡ್ವಾ?” ಹಾಗೆಯೇ ಕಿಟಕಿಯಾಚೆ ಬೆರಳು ತೋರಿಸಿ, “ನಡೆದು ಹೋಗೋರ ಸಾಲು ನೋಡಿ, ಒಂದು ಪಿಳ್ಳೆಯೂ ಇಲ್ಲ” ಎಂದರು.

“ನಡೆದು ಹೋದ್ರೆ ಕಾರು ಯಾರು ಓಡಿಸ್ತಾರೆ? ನೀವಾ?” ಎಂದ ಕಸಿಮೀರೊ.

“ನಾನು ಕತ್ತೆ ಗಾಡಿ ಬಿಟ್ಟು ಏನೂ ಓಡಿಸಿಲ್ಲ.”

“ಇಮೆಲ್ದಾಗೂ ಬರಲ್ಲ. ಹಾಗಾದ್ರೆ ಸುಮ್ನೆ ಕೂತಿರಿ.”

ಹತ್ತೂವರೆಗೆ ರೊಸೆಂದೊ ಮತ್ತೆ ಕರೆದ. ಕಸಿಮೀರೊ ಪೆಟ್ರೋಲ್ ಬಂಕಿನಿಂದ ಹೊರಟು ಹೂವಿನಂಗಡಿಗೆ ಬಂದಿರುವುದಾಗಿ ಹೇಳಿದ. ರೊಸೆಂದೊ ಪಾದ್ರಿಯವರು ಅಂಗಿ ಹಾಕಿ ಮುಗಿಸಿ ನೀರು ತುಂಬಿಸುತ್ತಿರುವುದಾಗಿ ಹೇಳಿದ. ಇಬ್ಬರ ದನಿಯೂ ಅಂಜಿದ ಬೆಕ್ಕಿನ ದನಿಯ ಹಾಗಿತ್ತು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮೂರನೆಯ ಕರೆ ಬಂತು. ಅಷ್ಟು ಹೊತ್ತಿಗೆ ಕಸಿಮೀರೊನ ಕಾರಿನ ಪಕ್ಕದಿಂದ ಐಸ್ ಮಾರುವ ಒಬ್ಬ ದಪ್ಪನೆಯ ಮನುಷ್ಯ ತಳ್ಳುಗಾಡಿ ನೂಕುತ್ತ ಮುಂದಕ್ಕೆ ಸಾಗುತ್ತಿದ್ದ. ಅವನ ಗಂಟಲು ಆ ಇಡೀ ಗಡಿಗೆ ಪ್ರಸಿದ್ಧ.

“ಐಸ್! ಹುಣಿಸೇ ಐಸ್! ಮಾವಿನ ಐಸ್! ಸತ್ತವ್ರು ಎದ್ದು ಕೇಳೋ ಐಸ್!”

“ಎಲ್ಲಿದ್ದೀಯೋ ಮಾರಾಯ?” ಎಂದ ರೊಸೆಂದೊ ಫೋನಿನಲ್ಲಿ.

“ಚರ್ಚಿನ ಮೆಟ್ಟಿಲು ಹತ್ತುತಾ ಇದ್ದೀನಿ. ನೀನು?”

“ನಾನು ಒಳಗೇ—”

‘ಸತ್ತವ್ರು ಎದ್ದು ಕೇಳೋ ಐಸ್!’ ಎಂದಿತು ಫೋನು.

ಕಸಿಮೀರೊ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಮತ್ತೆ ಕಿವಿಗಿಟ್ಟ. ಎಡಗಿವಿಗೆ ಫೋನಿನಿಂದ ಹುಣಿಸೆ ಐಸು, ಬಲಗಿವಿಗೆ ಕಿಟಕಿಯಿಂದ ಹುಣಿಸೆ ಐಸು.

“ರೊಸೆಂದೊ, ಚರ್ಚಿನೊಳಗೆ ಐಸ್ ಮಾರ್ತಾರೇನೋ?”

ಆ ಕಡೆ ಕಾರಿನ ಗಾಜು ಏರಿಸಿದ ಸದ್ದಾಯಿತು. ಆಮೇಲೆ, “ಮೆಟ್ಟಿಲ ಮೇಲೆ ಮಾರ್ತಾರಾ?” ಎಂದು ಸಣ್ಣ ದನಿ ಬಂತು.

ಪಕ್ಕದ ಸಾಲಿನಲ್ಲಿ ನಾಲ್ಕು ಕಾರು ಮುಂದೆ ಒಂದು ನೀಲಿ ಕಾರಿನ ಬಾಗಿಲು ನಿಧಾನವಾಗಿ ತೆರೆಯಿತು. ಕಿವಿಗೆ ಫೋನು ಹಿಡಿದ ರೊಸೆಂದೊ ಇಳಿದ. ಈಚೆ ಕಿವಿಗೆ ಫೋನು ಹಿಡಿದ ಕಸಿಮೀರೊ ಇಳಿದ. ಇಬ್ಬರೂ ಹತ್ತು ಮಾರು ದೂರದಲ್ಲಿ ಮುಖ ನೋಡುತ್ತ, ಇನ್ನೂ ಫೋನಿನಲ್ಲೇ ಮಾತಾಡಿದರು.

“ದಾಟ್ಬಿಟ್ಟೆ ಅಂದ್ಯಲ್ಲೋ, ಸುಳ್ಳುಬುರುಕ!”

“ಮುಂದಿನ ಬೆಂಚು ಅಂದ್ಯಲ್ಲೋ!”

ರೊಸೆಂದೊನ ಕತೆ ಹೀಗಿತ್ತು. ಮಗುವಿಗೆ ತೊಡಿಸುವ ಬಿಳಿ ಉಡುಪನ್ನು ಹೊಲಿದದ್ದು ಮೆಹಿಕಾಲಿಯಲ್ಲಿರುವ ಅಜ್ಜಿ. ಅದನ್ನು ತರಲು ಆರು ಗಂಟೆಗೇ ಈಚೆ ಬಂದಿದ್ದರು. ಈಚೆ ಬರುವಾಗ ಐದು ನಿಮಿಷ. ಮರಳಿ ಹೋಗುವಾಗ ಇದು. ಇಷ್ಟು ವರ್ಷ ಗೆಳೆಯನನ್ನು ‘ಹೊತ್ತು ಗೊತ್ತಿಲ್ಲದವನು’ ಎಂದು ಬಯ್ದ ಬಾಯಿಗೆ ತಾನೇ ಸಿಕ್ಕಿಬಿದ್ದಿದ್ದೇನೆ ಎನ್ನಲು ಆಗಿರಲಿಲ್ಲ.

ಮಾರಿಸೆಲಾ ಮಗುವನ್ನೆತ್ತಿಕೊಂಡು ಇಳಿದಳು. ಇಮೆಲ್ದಾ ಓಡಿಹೋಗಿ ಮಗುವಿನ ತಲೆಗೆ ಬೀಸಣಿಗೆ ಹಿಡಿದಳು. ಎಲ್ಲರೂ ನಕ್ಕರು. ಆಮೇಲೆ ಒಮ್ಮೆಗೇ ಎಲ್ಲರೂ ನಗು ನಿಲ್ಲಿಸಿದರು.

“ಪಾದ್ರಿ?” ಎಂದ ಕಸಿಮೀರೊ.

“ಕಾಯಲ್ಲ ಅಂದಿದ್ದಾರೆ” ಎಂದ ರೊಸೆಂದೊ. “ಹನ್ನೆರಡಕ್ಕೆ ಅಲ್ಲಿ ಮದುವೆ ಬೇರೆ ಇದೆ.”

“ಯಾರಾದ್ರೂ ಫೋನ್ ಮಾಡಿ ನಿಜ ಹೇಳ್ರಪ್ಪ, ಈಗಲಾದ್ರೂ” ಎಂದಳು ಇಮೆಲ್ದಾ.

ಮಾರಿಸೆಲಾ ಪಾದ್ರಿ ಅನ್ಸೆಲ್ಮೊ ಅವರ ಸಂಖ್ಯೆ ಒತ್ತಿದಳು. ಎಲ್ಲೋ ಹತ್ತಿರದಲ್ಲೇ ಚರ್ಚಿನ ಗಂಟೆ ಹೊಡೆಯಿತು. ಅದು ಫೋನಿನ ಗಂಟೆ. ಆರು ಕಾರು ಹಿಂದೆ ಒಂದು ಬಿಳಿಯ ಪುಟ್ಟ ಕಾರಿನಲ್ಲಿ, ಸ್ಟೀರಿಂಗಿನ ಕೆಳಗೆ ತಲೆ ತಗ್ಗಿಸಿ ಕೂತಿದ್ದ ಮನುಷ್ಯರೊಬ್ಬರು ಫೋನನ್ನು ಮೌನ ಮಾಡಲು ಒದ್ದಾಡುತ್ತಿದ್ದರು. ಬಲಗೆನ್ನೆ ಬನ್ನಿನ ಹಾಗೆ ಊದಿತ್ತು.

ಐವರೂ ಹೋಗಿ ಆ ಕಿಟಕಿಯ ಮುಂದೆ ನಿಂತರು. ಪಾದ್ರಿ ಅನ್ಸೆಲ್ಮೊ ಗಾಜು ಇಳಿಸಿದರು. ಈಚೆಕಡೆ ಹಲ್ಲು ಕೀಳಿಸಲು ಏಳಕ್ಕೇ ಬಂದಿದ್ದರು. ಮದ್ದಿನಿಂದ ಅರ್ಧ ಬಾಯಿ ಇನ್ನೂ ಮಲಗಿತ್ತು.

“ಯಾಯೂ ಯಡ ಆಗಿಯ್ಯ” ಎಂದರು ಬಹಳ ಗಂಭೀರವಾಗಿ.

“ಯಾರೂ ತಡ ಆಗಿಲ್ಲ ಅಂತಿದ್ದಾರೆ” ಎಂದು ದೊನ್ ನಿಕನೋರ್ ಬಿಡಿಸಿ ಹೇಳಿದರು. ಹತ್ತಿ ಗಿರಣಿಯ ಗದ್ದಲದಲ್ಲಿ ಬಾಳಿದವರಿಗೆ ತುಟಿ ನೋಡಿ ಮಾತು ತಿಳಿಯುವ ಅಭ್ಯಾಸವಿತ್ತು. ಅವರ ಮೂಲಕ ಉಳಿದದ್ದೂ ಗೊತ್ತಾಯಿತು. ಪಾದ್ರಿಯವರು ಮೊದಲು ಪೂರ್ವದ ಬಾಗಿಲಿಗೆ ಹೋಗಿದ್ದರಂತೆ. ಯಾವನೋ ಅಧಿಕಾರಿಯ ಭಾವಮೈದುನ ಖಾಲಿಯೆಂದು ಸುದ್ದಿ ಹಬ್ಬಿಸಿದ್ದನಂತೆ. ದೇವರು ಅವನನ್ನು ಕ್ಷಮಿಸಲಿ, ತಮಗೆ ಇನ್ನೂ ಸ್ವಲ್ಪ ದಿನ ಬೇಕು.

ಕಸಿಮೀರೊ ತನ್ನ ಚಪ್ಪಲಿಯನ್ನು ನೋಡಿಕೊಂಡ.

ಆದರೂ ಅವನ ಎದೆ ಹಗುರಾಗಿತ್ತು. ಮಗು ಇಲ್ಲಿ, ತಂದೆತಾಯಿ ಇಲ್ಲಿ, ಪಾದ್ರಿ ಇಲ್ಲಿ, ತಾನೂ ಇಲ್ಲಿ. ಇನ್ನು ಯಾವ ಶಕ್ತಿಗೂ ತನ್ನನ್ನು ಬಿಟ್ಟು ಜ್ಞಾನಸ್ನಾನ ಮಾಡಲು ಸಾಧ್ಯವಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಡಿಯ ಸಾಲನ್ನು ಪ್ರೀತಿಯಿಂದ ನೋಡಿದ.

ಸಾಲು ಆ ಪ್ರೀತಿಗೆ ತಕ್ಷಣ ಉತ್ತರ ಕೊಟ್ಟಿತು. ಏಳೂ ಸಾಲುಗಳು ಒಟ್ಟಿಗೆ ಕದಲಿದವು. ಎಲ್ಲರೂ ತಮ್ಮ ತಮ್ಮ ಕಾರಿಗೆ ಓಡಿದರು. ರೊಸೆಂದೊನ ನೀಲಿ ಕಾರು ಮುಂದೆ ಹೋಯಿತು. ಪಾದ್ರಿಯವರ ಬಿಳಿ ಕಾರೂ ಮುಂದೆ ಬಂತು. ಕಸಿಮೀರೊ ಕೀಲಿ ತಿರುಗಿಸಿದ. ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದ. ಅಷ್ಟೂ ಇಲ್ಲ. ಮುಚ್ಚಳ ಎತ್ತಿದರೆ, ಅಕ್ಕಿ ಬೇಯಿಸಬಹುದಾದಷ್ಟು ಹಬೆ ಮೇಲೆದ್ದಿತು.

ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಕಾವಲಿನವನೊಬ್ಬ ಶೀಟಿ ಊದುತ್ತ ಬಂದು, ಕಾರನ್ನು ಅಂಚಿಗೆ ತಳ್ಳಿಸಿದ. “ಬಿಟ್ಟು ಹೋಗೋ ಯೋಚನೆ ಇದ್ರೆ ಬೇಡ. ಯಾರ ಗಾಡಿಯೋ ಅವ್ರೇ ಜೊತೇಲಿರ್ಬೇಕು” ಎಂದ.

ಪಕ್ಕಕ್ಕೆ ಬಂದ ಪಾದ್ರಿಯವರು ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳಿದರು. ದೊನ್ ನಿಕನೋರ್ ಬಿಡಿಸಿದರು: “ಹನ್ನೆರಡರೊಳಗೆ ಮುಗಿಸಲೇಬೇಕಂತೆ. ನೀನು ಬರೋಕಾಗದಿದ್ರೂ ಚಿಂತೆಯಿಲ್ಲ, ನಿನ್ನ ಬದಲಿಗೆ ಯಾರಾದ್ರೂ ನಿಂತ್ರೆ ಸಾಕಂತೆ. ಜ್ಞಾನತಂದೆ ನೀನೇ. ನಿಲ್ಲೋನು ಬರೀ ನಿಲ್ಲೋನು.”

ಕಸಿಮೀರೊ ಸುತ್ತ ನೋಡಿದ. ನಿಲ್ಲಲು ದೊರೆಯಬಹುದಾದ ಒಬ್ಬರೇ ಗಂಡಸು ಗಿಣಿ ಹಿಡಿದುಕೊಂಡು ನಿಂತಿದ್ದರು.

“ದೊನ್ ನಿಕನೋರ್, ನಿಮ್ಮ ದಮ್ಮಯ್ಯ. ಇಮೆಲ್ದಾನ ಕರ್ಕೊಂಡು ನಡೆದು ದಾಟಿ. ಚರ್ಚು ಅಲ್ಲೇ ಹತ್ತಿರ. ಅವಳು ಹೇಗೂ ಜ್ಞಾನತಾಯಿ. ನೀವು ನನ್ನ ಜಾಗದಲ್ಲಿ ನಿಂತ್ಕೊಳ್ಳಿ. ಮಾತಾಡ್ಬೇಡಿ. ಏನೂ ಕೊಳ್ಳಬೇಡಿ. ಬರೀ ನಿಂತ್ಕೊಳ್ಳಿ.”

“ನಿಲ್ಲೋದು ತಾನೇ? ನಲವತ್ತು ವರ್ಷ ನಿಂತೇ ದುಡಿದಿದ್ದೀನಿ” ಎಂದು ಅವರು ಹ್ಯಾಟು ನೇರ ಮಾಡಿಕೊಂಡರು. ಇಮೆಲ್ದಾ ಗಂಡನ ಒದ್ದೆ ಅಂಗಿಯ ಕಾಲರನ್ನು ಒಮ್ಮೆ ಸರಿಪಡಿಸಿ, “ಬೇಗ ಬಾ” ಎಂದು ಹೇಳಿ ಹೋದಳು.

ಆಮೇಲೆ ಕಸಿಮೀರೊ ಒಬ್ಬನೇ. ಐಸ್ ಮಾರುವವನಿಂದ ಕರಗಿದ ಐಸಿನ ನೀರನ್ನೆಲ್ಲ ಕೊಂಡು ರೇಡಿಯೇಟರಿಗೆ ಹೊಯ್ದ. ಅರ್ಧ ಗಂಟೆ ಇಂಜಿನ್ನಿಗೆ ಬೀಸಣಿಗೆಯಿಂದ ಗಾಳಿ ಹಾಕಿದ. ದಾರಿಹೋಕರು ಅದನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಕೊನೆಗೆ ಕಾರು ಉಸಿರಾಡಿತು. ಹುಣಿಸೆಹಣ್ಣಿನ ವಾಸನೆ ಬಿಡುತ್ತ ಸಾಲು ಸೇರಿ, ಬಾಗಿಲು ದಾಟಿ, ಚರ್ಚಿನ ಮುಂದೆ ನಿಂತಾಗ ಒಂದು ಗಂಟೆಗೆ ಇಪ್ಪತ್ತು ನಿಮಿಷವಿತ್ತು.

ಒಳಗೆ ಮದುವೆಯ ಹಾಡು ನಡೆದಿತ್ತು. ಪಕ್ಕದ ಅಂಗಳದ ನೆರಳಲ್ಲಿ ಅವರೆಲ್ಲ ನಿಂತಿದ್ದರು. ಕಸಿಮೀರೊ ಕೈಚಾಚಿ ನಗುತ್ತ ಓಡಿದ. ಯಾರೂ ನಗಲಿಲ್ಲ. ಇಮೆಲ್ದಾ ನೆಲ ನೋಡುತ್ತಿದ್ದಳು. ರೊಸೆಂದೊ ಆಕಾಶ ನೋಡುತ್ತಿದ್ದ.

“ಏನಾಯ್ತು? ಮುಗೀಲಿಲ್ವಾ?”

“ಮುಗೀತು” ಎಂದಳು ಮಾರಿಸೆಲಾ.

“ಮತ್ತೆ?”

ಕೊನೆಗೆ ರೊಸೆಂದೊನೇ ಬಾಯಿಬಿಟ್ಟ. ಚರ್ಚಿನ ಪುಸ್ತಕ ಬರೆಯುವ ಹೆಂಗಸು ಬಹಳ ಬಿಗಿ. ಪಾದ್ರಿ ಅಂಗಿ ಹಾಕಿಕೊಳ್ಳುತ್ತಿರುವಾಗ ಅವಳು ಹ್ಯಾಟಿನ ಮನುಷ್ಯರ ಮುಂದೆ ಬಂದು, ‘ನಿಮ್ಮ ಹೆಸರು?’ ಎಂದು ಕೇಳಿದಳು. ಅವರು ಹೇಳಿದರು. ಅವಳು ಜ್ಞಾನತಂದೆಯ ಜಾಗದಲ್ಲಿ ಬರೆದುಕೊಂಡಳು.

“ನಿಮ್ಮ ಹೆಸರನ್ನ ಯಾಕ್ರೀ ಹೇಳಿದ್ರಿ?” ಎಂದು ಕಸಿಮೀರೊ ಕಿರುಚಿದ.

“‘ನಿಮ್ಮ ಹೆಸರು’ ಅಂತಲೇ ಕೇಳಿದ್ಲಪ್ಪ” ಎಂದರು ದೊನ್ ನಿಕನೋರ್. “ಬೆಳಗ್ಗಿಂದ ನೀವೆಲ್ಲ ಫೋನಲ್ಲಿ ಹೇಳಿದ್ದು ನಾನು ಕೇಳಿದ್ದೀನಿ. ಪಾದ್ರಿಯೂ ಸೇರಿ. ದೇವರ ಮನೇಲಿ ನಿಂತು ನಾನೂ ಸುಳ್ಳು ಹೇಳ್ಲಾ?”

ರೊಸೆಂದೊ ತನ್ನ ಫೋನನ್ನು ಜೇಬಿನಾಳಕ್ಕೆ ತುರುಕಿದ.

“ಅಷ್ಟೇ ಆಗಿದ್ರೆ ಪರವಾಗಿರಲಿಲ್ಲ ಕಣೋ” ಎಂದ ರೊಸೆಂದೊ. “ಮಗೂಗೆ ಅಬ್ರಿಲ್ ಅಂತ ಹೆಸರಿಟ್ಟಿದ್ವಿ ಅಲ್ವಾ. ಎರಡನೇ ಹೆಸರು ನಿನ್ನದೇ ಇರ್ಲಿ ಅಂತ ನಾನೂ ಮಾರಿಸೆಲಾನೂ ಮಾತಾಡ್ಕೊಂಡಿದ್ವಿ. ಕಸಿಮೀರಾ. ನಿಂಗೆ ಅಲ್ಲೇ ಕೇಳಿ ಖುಷಿಯಾಗ್ಲಿ ಅಂತ ಕಾಗದದಲ್ಲಿ ಹೆಸರು ಬರೀದೆ, ‘ಎರಡನೆಯ ಹೆಸರು, ಜ್ಞಾನತಂದೆಯದು’ ಅಂತಷ್ಟೇ ಬರೆದುಕೊಟ್ಟಿದ್ದೆ. ಆ ಹೆಂಗಸು ಪುಸ್ತಕ ನೋಡಿ ಹೆಸರು ತುಂಬಿಸಿಕೊಟ್ಲು.”

ಕಸಿಮೀರೊ ಹೆಂಡತಿಯ ಕಡೆ ತಿರುಗಿದ. “ನೀನು ಪಕ್ಕದಲ್ಲೇ ಇದ್ಯಲ್ಲೇ!”

“ಪಾದ್ರಿ ನೀರು ಹಾಕ್ತಾ ‘ಅಬ್ಬಿಯ್… ನೋಯಾ’ ಅಂದ್ರು. ನನ್ನನ್ನೇ ‘ಸೆನ್ಯೋರಾ’ ಅಂತಿದ್ದಾರೆ ಅಂದ್ಕೊಂಡು ‘ಹೂಂ, ಪಾದ್ರಿ’ ಅಂದ್ಬಿಟ್ಟೆ” ಎಂದು ಇಮೆಲ್ದಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

ಅಬ್ರಿಲ್ ನಿಕನೋರಾ. ನೀರು ಬಿದ್ದಾಗಿತ್ತು, ಪುಸ್ತಕ ಮುಚ್ಚಿಯಾಗಿತ್ತು.

ಕಸಿಮೀರೊ ದೊನ್ ನಿಕನೋರ್ ಕಡೆಗೆ ಎರಡು ಹೆಜ್ಜೆ ಇಟ್ಟ. ಬೆಳಗಿನಿಂದ ಒಟ್ಟುಮಾಡಿಕೊಂಡಿದ್ದ ಬಿಸಿಲು, ಹಬೆ, ಹಾರ್ನುಗಳ ಸದ್ದು ಎಲ್ಲವೂ ಅವನ ನಾಲಿಗೆಯ ತುದಿಗೆ ಬಂದಿತ್ತು. ಆಗ ನೋಡಿದ. ಆ ಮುದುಕರು ಹ್ಯಾಟನ್ನು ಎದೆಗೆ ಒತ್ತಿ ಹಿಡಿದಿದ್ದರು. ಕಣ್ಣು ಒದ್ದೆಯಾಗಿ, ಮೂಗು ಕೆಂಪಾಗಿತ್ತು.

“ಅರವತ್ತೇಳು ವರ್ಷ” ಎಂದರು ಅವರು ಮೆಲ್ಲಗೆ. “ಒಂದು ನಾಯಿಮರಿಗೂ ಯಾರೂ ನನ್ನ ಹೆಸರು ಇಟ್ಟಿರಲಿಲ್ಲ, ಕಸಿಮೀರೊ.”

ನಾಲಿಗೆಯ ತುದಿಗೆ ಬಂದದ್ದನ್ನು ಕಸಿಮೀರೊ ಒಂದೊಂದಾಗಿ ನುಂಗಿದ. ಆಮೇಲೆ ಮಾರಿಸೆಲಾಳ ಕೈಯಿಂದ ಮಗುವನ್ನು ತೆಗೆದುಕೊಂಡ. ಅಂಗಿಯೆಲ್ಲ ಹುಣಿಸೆಹಣ್ಣಿನ ವಾಸನೆ. ಮಗು ಅವನ ಕಾಲರಿನ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು.

“ನಿಕನೋರಾ” ಎಂದು ಕರೆದು ನೋಡಿದ.

ಮಗು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

“ನೋಡಿದ್ಯಾ? ಹೆಸರು ಒಪ್ಪಿಗೆ ಆಗಿದೆ!” ದೊನ್ ನಿಕನೋರ್ ಕಣ್ಣೊರೆಸಿಕೊಂಡು ಅವನ ಭುಜದ ಮೇಲೆ ಕೈಹಾಕಿದರು. “ಮಗೂನ ವಾರಕ್ಕೊಮ್ಮೆಯಾದ್ರೂ ನೋಡಿ ಹೋಗೋದು ಇನ್ಮೇಲೆ ನನ್ನ ಧರ್ಮ. ಪ್ರತಿ ಶನಿವಾರ ಬರೋಣ. ಏಳು ಗಂಟೆಗೆ ನಾನು ಕುರ್ಚಿ ತಗೊಂಡು ನಿಮ್ಮನೆ ಹತ್ರ ಬರ್ತೀನಿ. ಕಾರು ಹೇಗೂ ನಿಂದಿದ್ಯಲ್ಲ.”